ರಾಗಿ ಬೀಸುವ ಸರದಿ

2023ರಲ್ಲಿ ನಾನು ಹೆಬ್ಬಾಳದ ಕಡೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಡಯಟೀಷಿಯನ್ ಆಗಿದ್ದೆ. ಏನು ತಿನ್ನಬೇಕು, ಏನು ಬಿಡಬೇಕು ಎಂದು ರೋಗಿಗಳಿಗೆ ಹೇಳುವ ಕೆಲಸ. ಹೇಳಿದ್ದನ್ನು ಕೇಳುವವರು ಕಡಿಮೆ, ಕೇಳಿದೆವೆಂದು ಸುಳ್ಳು ಹೇಳುವವರು ಜಾಸ್ತಿ. ಹಾಗಾಗಿ ಯಾರನ್ನೂ ಸುಲಭಕ್ಕೆ ನಂಬದ ಚಾಳಿ ನನಗೆ ಅಂಟಿಕೊಂಡಿತ್ತು.

ಆ ವರ್ಷ ಬಂದವಳು ಭವ್ಯ. ತಣಿಸಂದ್ರದ ಹುಡುಗಿ, ರಾಜಾನುಕುಂಟೆಗೆ ಕೊಟ್ಟಿದ್ದರು. ಎರಡು ಸಲ ಗರ್ಭಪಾತವಾಗಿತ್ತು. ಎಷ್ಟು ಮಾತ್ರೆ ನುಂಗಿದರೂ ರಕ್ತ ಏಕೆ ಏರುತ್ತಿಲ್ಲ ಎಂದು ಹುಡುಕಿದಾಗ ಸೀಲಿಯಾಕ್ ಕಾಯಿಲೆ ಪತ್ತೆಯಾಗಿತ್ತು. ಗೋಧಿ, ಬಾರ್ಲಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನು ಹೊಟ್ಟೆಗೆ ಹೋದರೆ ಇವರ ದೇಹ ತನ್ನದೇ ಸಣ್ಣ ಕರುಳಿನ ಮೇಲೆ ತಿರುಗಿಬೀಳುತ್ತದೆ. ಕರುಳು ಹಾಳಾದರೆ ಉಂಡದ್ದು ಮೈಗೆ ಹತ್ತುವುದಿಲ್ಲ. ಗೋಧಿಯನ್ನು ಚಿಟಿಕೆಯೂ ಇಲ್ಲದಂತೆ ಬಿಡುವುದೊಂದೇ ದಾರಿ.

ಪಥ್ಯ ಶುರುವಾದ ಕೆಲವೇ ತಿಂಗಳಿಗೆ ಮತ್ತೆ ಬಸುರಿಯಾದಳು. ಐದನೇ ತಿಂಗಳಲ್ಲಿ, ಹನ್ನೊಂದರ ಹತ್ತಿರ ಇರಬೇಕಾದ ಹಿಮೋಗ್ಲೋಬಿನ್ 7.6. ಭೇದಿ ನಿಂತಿರಲಿಲ್ಲ, ತೂಕ ಏರುವ ಬದಲು ಇಳಿದಿತ್ತು. ಸ್ಕ್ಯಾನಿಂಗ್‌ನಲ್ಲಿ ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿರಲಿಲ್ಲ. "ಎಲ್ಲಿಂದಲೋ ಗೋಧಿ ಹೋಗ್ತಿದೆ," ಎಂದರು ಡಾಕ್ಟರ್. ಅವಳೇ ಕದ್ದು ಬೇಕರಿ ತಿಂಡಿ ತಿನ್ನುತ್ತಾಳೆಂದು ಅವರ ಗುಮಾನಿ.

ಭವ್ಯಳ ಗುಮಾನಿ ಅತ್ತೆ ಜಯಮ್ಮನ ಮೇಲೆ. "ನಾವೆಲ್ಲಾ ಗೋಧಿ ತಿಂದಿಲ್ವಾ, ನಮಗೇನಾಯ್ತು ಅಂತ ಮೊದ್ಲೇ ಅಂದಿದ್ರು ಮೇಡಂ. ಸಾರಿಗೆ ಏನೋ ಬೆರೆಸ್ತಾರೆ," ಎಂದಳು. ಮನೆಗೆ ಹೋದವಳೇ ಬೇರೆ ಒಲೆ ಹೂಡಿ, ಹೊಸ ಪಾತ್ರೆ ತಂದು, ತನ್ನ ಅಡುಗೆ ತಾನೇ ಮಾಡಿಕೊಳ್ಳತೊಡಗಿದಳು.

ಮೂರು ವಾರ ಬಿಟ್ಟು ಬಂದಾಗ ಇನ್ನೂ ಸೊರಗಿದ್ದಳು. ಗಂಡ ಮಂಜುನಾಥ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಜಯಮ್ಮ ಒಳಗೆ ಬರದೆ ಬಾಗಿಲಲ್ಲೇ ನಿಂತಿದ್ದರು.

"ನಾಳೆ ಅಮ್ಮನ ಮನೆಗೆ ಹೋಗ್ತೀನಿ. ಮತ್ತೆ ಆ ಮನೆಗೆ ಕಾಲಿಡಲ್ಲ," ಎಂದಳು ಭವ್ಯ.

"ನಾನೇನ್ ಇಸ ಆಕ್ತಿದ್ದೀನಾ ಮೇಡಮ್ಮಾ?" ಎಂದರು ಜಯಮ್ಮ. "ಇವಳಿಗೋಸ್ಕರ ಮನೇಲಿ ಎಲ್ಲರ್ಗೂ ಚಪಾತಿ ನಿಲ್ಸಿದೀನಿ. ಒಟ್ಟೇಲಿರೋದು ನನ್ ಮೊಮ್ಮಗು."

ಮುದುಕಿ ಸುಳ್ಳು ಹೇಳುತ್ತಿದ್ದಾರೆ ಎಂದು ನನಗೆ ಅನ್ನಿಸಲಿಲ್ಲ. ಸೊಸೆಯೂ ಸುಳ್ಳು ಹೇಳುತ್ತಿರಲಿಲ್ಲ. ಈಗ ಏನೇನು ತಿನ್ನುತ್ತೀ ಎಂದು ಭವ್ಯಳನ್ನು ಕೇಳಿದೆ.

"ಬೆಳಿಗ್ಗೆ ರಾಗಿ ಗಂಜಿ, ಎರಡು ಹೊತ್ತೂ ಮುದ್ದೆ, ಸ್ವಲ್ಪ ಅನ್ನ. ರಾಗೀಲಿ ಗ್ಲುಟೆನ್ ಇಲ್ಲ ಅಂತ ನೀವೇ ಹೇಳಿದ್ರಲ್ಲ. ಅಲ್ಲಿಗೂ ಅದೇ ಹಿಟ್ಟು ಕಟ್ಕೊಂಡು ಹೋಗ್ತೀನಿ."

ಒಲೆ ಬೇರೆಯಾಗಿತ್ತು, ಪಾತ್ರೆ ಬೇರೆಯಾಗಿತ್ತು, ಅಡುಗೆ ಮಾಡುವವರೂ ಬೇರೆಯಾಗಿದ್ದರು. ರಾಗಿ ಹಿಟ್ಟು ಮಾತ್ರ ಮೊದಲಿನ ಡಬ್ಬದ್ದೇ. ಅದು ಎಲ್ಲಿಂದ ಬರುತ್ತದೆ ಎಂದು ಕೇಳಿದ್ದಕ್ಕೆ ಜಯಮ್ಮ, "ನಮ್ ರಾಗಿನೇ. ನಾನೇ ಕೇರಿ, ಬಿಸಿಲಿಗಾಕಿ, ಮಿಲ್ಲಲ್ಲಿ ಬೀಸಿಸ್ಕೊಂಡು ಬತ್ತೀನಿ," ಎಂದರು.

ಮರುದಿನ ರಜೆ ಹಾಕಿ, ಭವ್ಯ ಹೊರಡುವ ಮೊದಲೇ ರಾಜಾನುಕುಂಟೆ ತಲುಪಿದೆ. ಜಯಮ್ಮನ ಜೊತೆ ಮಿಲ್ಲಿಗೆ ನಡೆದೆ. ಒಂದು ಸಣ್ಣ ಕೋಣೆ, ಒಂದೇ ಮೆಷಿನ್. ಜಯಮ್ಮ ಎಲ್ಲರಿಗಿಂತ ಮೊದಲು ರಾಗಿ ಚೀಲ ಇಟ್ಟರು. ಹಿಂದೆಯೇ ಇಬ್ಬರು ಹೆಂಗಸರು ಗೋಧಿ ತಂದರು. ಮಿಲ್ಲಿನವನು ಗೋಧಿಯನ್ನೇ ಮೊದಲು ಸುರಿದ. ಜಯಮ್ಮ ಹೋಗಿ ಬೆಂಚಿನ ಮೇಲೆ ಕೂತರು.

"ಮೊದಲು ಬಂದವರು ನೀವಲ್ವಾ?" ಎಂದೆ.

"ರಾಗಿ ಯಾವಾಗ್ಲೂ ಕೊನೇಗೇ ಮೇಡಮ್ಮಾ. ಮುಂಚೆ ಆಕುದ್ರೆ ಅವರ ಗೋದಿ ಇಟ್ಟೆಲ್ಲಾ ಕಪ್ಪಾಯ್ತದೆ. ಪಾಪ, ಬೇಜಾರ್ ಮಾಡ್ಕತಾರೆ."

ಗೋಧಿ ಮುಗಿಯಿತು. ಮೆಷಿನ್ ನಿಲ್ಲಿಸದೆ ಅವನು ರಾಗಿ ಸುರಿದ. ಹಿಟ್ಟು ಬೀಳುವ ಬಟ್ಟೆಯ ಕೊಳವೆಯಿಂದ ಮೊದಲು ಉದುರಿದ್ದು ಬೆಳ್ಳಗಿನ ಹಿಟ್ಟು. ಆಮೇಲೆ ನಿಧಾನಕ್ಕೆ ಬಣ್ಣ ತಿರುಗಿತು. ಎರಡೂ ಜಯಮ್ಮನ ಒಂದೇ ಡಬ್ಬಕ್ಕೆ ಬಿದ್ದವು. ಇನ್ನೊಬ್ಬರ ಹಿಟ್ಟು ಕೆಡಬಾರದೆಂಬ ಆ ದಾಕ್ಷಿಣ್ಯವೇ ವಾರವಾರವೂ ಗೋಧಿಯನ್ನು ಮನೆಗೆ ತಂದಿತ್ತು. ನಾನು ಬೆರಳು ತೋರಿಸಿದೆ. ಜಯಮ್ಮ ಅಂಗೈ ಒಡ್ಡಿ ನೋಡಿದರು. ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ.

"ಸೊರಗವ್ಳೆ ಅಂತ ಇನ್ನೊಂದ್ ಮುದ್ದೆ ಉಣ್ಣು, ಇನ್ನೊಂದ್ ಲೋಟ ಗಂಜಿ ಕುಡಿ ಅಂತ ನಾನೇ ಬಲವಂತ ಮಾಡ್ತಿದ್ದೆ," ಎಂದರು.

ಮನೆಯಲ್ಲಿ ಭವ್ಯ ಬ್ಯಾಗು ಕಟ್ಟಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಜಯಮ್ಮ ಹೇಳಿಬಿಟ್ಟರು. "ರಾಗಿ ಇಟ್ಟಲ್ಲೇ ಗೋದಿ ಇತ್ತು ಕಣವ್ವಾ. ತಂದೋಳು ನಾನೇ."

ಮಿಲ್ಲಿನಲ್ಲಿ ಕಂಡದ್ದನ್ನು ನಾನು ವಿವರಿಸಿದೆ. "ನಾನು ಹೇಳಿದ್ದೇ ನಿಜವಾಯ್ತಲ್ಲ" ಎಂದು ಭವ್ಯ ಎದ್ದು ಹೋಗಬಹುದಿತ್ತು. ಆದರೆ ಅವಳು ಅತ್ತೆಯ ಒಲೆಯ ಕಡೆ ನೋಡಿದಳು.

"ಅತ್ತೆ, ಅನ್ನ ಇದೆಯಾ? ಹಸಿವಾಗ್ತಿದೆ."

ಜಯಮ್ಮ ಕೈ ತೊಳೆದರು, ಮತ್ತೆ ತೊಳೆದರು, ಆಮೇಲೆ ಬಡಿಸಿದರು. ಅವಳು ತಟ್ಟೆ ಖಾಲಿ ಮಾಡಿ ಇನ್ನಷ್ಟು ಕೇಳಿದಾಗ ನನಗೆ ಅಳು ಬಂತು.

ಆ ಮನೆಗೆ ರಾಗಿಗೆಂದೇ ಒಂದು ಪುಟ್ಟ ಹಿಟ್ಟಿನ ಮೆಷಿನ್ ಬಂತು. ಭೇದಿ ನಿಂತಿತು, ತೂಕ ಏರಿತು. ಹೆರಿಗೆಗೆ ಬಂದಾಗ ಹಿಮೋಗ್ಲೋಬಿನ್ ಹತ್ತು ದಾಟಿತ್ತು. ಹೆಣ್ಣು ಮಗು, ಸ್ವಲ್ಪ ಸಣ್ಣದು, ಆರೋಗ್ಯವಾಗಿತ್ತು.

ಪಥ್ಯ ತಪ್ಪುತ್ತಿದೆ ಎಂದು ಗೊತ್ತಾದಾಗ ಯಾರು ಕೊಟ್ಟರು ಎಂದು ಈಗ ನಾನು ಮೊದಲು ಕೇಳುವುದಿಲ್ಲ. ಕಾಳು ಮೂಟೆಯಿಂದ ತಟ್ಟೆಗೆ ಬರುವ ದಾರಿಯನ್ನು ಪೂರ್ತಿ ನೋಡುತ್ತೇನೆ, ಮನುಷ್ಯರ ಮೇಲಿನ ಅನುಮಾನ ಆಮೇಲೆ. ಗೋಧಿಯನ್ನು ಮನೆಯಿಂದ ಹೊರಗಿಡುವುದನ್ನು ನಾನು ಕಲಿಸಬಲ್ಲೆ. ಬಡಿಸುವ ಕೈಗೆ ಹೆದರುವವಳಿಗೆ ಊಟ ಮಾಡಿಸುವುದು ನನ್ನಿಂದ ಆಗುವ ಕೆಲಸವಲ್ಲ. ಆ ದಿನ, ತಂದೋಳು ನಾನೇ ಎಂದು ಒಪ್ಪಿಕೊಂಡು, ಅದನ್ನು ಮಾಡಿದವರು ಜಯಮ್ಮ.