ಏಳನೇ ಸ್ವಿಚ್ಚಿನ ಜಾಗ

ಬೆಳಗಿನ ಐದೂವರೆ. ಆಸ್ಪತ್ರೆಯ ನೆಲಮಾಳಿಗೆಯ ವರ್ಕ್‌ಶಾಪಿನಲ್ಲಿ ಐವತ್ತೈದರ ಹೆಂಗಸೊಬ್ಬರು ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಬಲಗೈಯಲ್ಲಿ ಅರ್ತಿಂಗ್ ಕೋಲು ಹಿಡಿದು, ಲೋಹದ ಪೆಟ್ಟಿಗೆಯೊಳಗೆ ಚಾಚುತ್ತಾರೆ. 'ಟಪ್' ಎಂಬ ಸದ್ದು. ಒಳಗೆ ಉಳಿದಿದ್ದ ಕರೆಂಟು ನೆಲ ಸೇರಿದ್ದು ಖಾತ್ರಿಯಾದ ಮೇಲೇ ಎಡಗೈ ಮುಂದೆ ಬರುವುದು.

"ಲಿಫ್ಟು, ಲಾಂಡ್ರಿ ಶುರುವಾದ್ರೆ ಕರೆಂಟಿನ ಅಲೆ ತೋರಿಸೋ ಸ್ಕೋಪಿನ ಗೆರೆ ನಡುಗುತ್ತೆ. ಈ ಹೊತ್ತಲ್ಲಿ ಅದೂ ಸಮಾಧಾನವಾಗಿರುತ್ತೆ, ನಾನೂ," ಎಂದು ನಗುತ್ತಾರೆ.

ಆಸ್ಪತ್ರೆಯವರೆಲ್ಲ ಕರೆಯುವುದು ಸಿಡಿಲಕ್ಕ ಎಂದೇ. ಕ್ಯಾನ್ಸರಿಗೆ ರೇಡಿಯೇಷನ್ ಕೊಡುವ ಯಂತ್ರಕ್ಕೆ ಇಪ್ಪತ್ತು ಸಾವಿರ ವೋಲ್ಟಿನ ಪಲ್ಸುಗಳು, ಅಂದರೆ ಕರೆಂಟಿನ ಪುಟ್ಟ ಹೊಡೆತಗಳು, ಬೇಕು. ಒಂದೊಂದೂ ಸೆಕೆಂಡಿನ ಲಕ್ಷದಲ್ಲೊಂದು ಪಾಲಿಗಿಂತ ಚಿಕ್ಕದು, ಸೆಕೆಂಡಿಗೆ ಇನ್ನೂರು. ಅದನ್ನು ಕೊಡುವ ಸರ್ಕ್ಯೂಟು ಇವರದೇ ವಿನ್ಯಾಸ. ನಲವತ್ತು ರೋಗಿಗಳಿಗೆ ದಿನಕ್ಕೆ ಹತ್ತು ಲಕ್ಷದ ಹತ್ತಿರ ಪಲ್ಸು.

ಡಿಪ್ಲೊಮಾ ಓದಿ ಬಂದವರು ಇಪ್ಪತ್ತು ವರ್ಷ ಬಿಪಿ ಯಂತ್ರ, ಟೇಬಲ್ ಫ್ಯಾನು ರಿಪೇರಿ ಮಾಡಿಕೊಂಡಿದ್ದರು. ಐದು ವರ್ಷದ ಹಿಂದೆ ರೇಡಿಯೇಷನ್ ಯಂತ್ರಕ್ಕೆ ಆಗ ಪಲ್ಸು ಕೊಡುತ್ತಿದ್ದ ಹಳೇ ಟ್ಯೂಬು ಕೈಕೊಟ್ಟಿತು. ಅಂಥ ಟ್ಯೂಬನ್ನು ಈಗ ಯಾರೂ ಮಾಡುವುದಿಲ್ಲ. ರೋಗಿಗಳನ್ನೆಲ್ಲ ಬೇರೆ ಊರಿಗೆ ಕಳಿಸತೊಡಗಿದರು. ಅವರಲ್ಲಿ ಇವರ ಒಡಹುಟ್ಟಿದ ಅಕ್ಕನೂ ಒಬ್ಬಳು.

"ಹತ್ತು ನಿಮಿಷದ ಟ್ರೀಟ್‌ಮೆಂಟಿಗೆ ಹೋಗಿ ಬರೋಕೆ ಆರು ಗಂಟೆ ಬಸ್ಸು. ಅಕ್ಕ ವಾಂತಿಗೆ ಅಂತ ಪ್ಲಾಸ್ಟಿಕ್ ಕವರ್ ಹಿಡ್ಕೊಂಡೇ ಕೂರೋಳು. ನಾನು ಪಕ್ಕದಲ್ಲಿ ಕೂತು ಸರ್ಕ್ಯೂಟು ಗೀಚ್ತಿದ್ದೆ."

ಟ್ಯೂಬಿನ ಬದಲು ಮೂವತ್ತು ಪುಟ್ಟ ಸ್ವಿಚ್ಚುಗಳನ್ನು ಸಾಲಾಗಿ ಜೋಡಿಸುವುದು ಅವರ ಯೋಚನೆ. ಎಲ್ಲವೂ ವೋಲ್ಟಿನ ಹೊರೆಯನ್ನು ಸಮನಾಗಿ ಹಂಚಿಕೊಂಡು, ಒಟ್ಟಿಗೇ ತೆರೆದುಕೊಳ್ಳಬೇಕು. ಒಂದರ ಮೇಲೆ ಭಾರ ಹೆಚ್ಚಾದರೆ ಅದು ಸುಟ್ಟುಹೋಗುತ್ತದೆ. ಸುಡುತ್ತಲೂ ಇತ್ತು, ಪ್ರತಿಸಲವೂ ಏಳನೆಯದೇ. ಮೇಲಧಿಕಾರಿ "ಸಾಕು ಬಿಡಿ" ಎಂದರು. ಅಷ್ಟರಲ್ಲಿ ಅಕ್ಕನ ಚಿಕಿತ್ಸೆಯೂ ಮುಗಿದುಹೋಯಿತು. ಇವರು ಸೋತು ಕೈಚೆಲ್ಲಿ ಕೂತರು.

ಎಬ್ಬಿಸಿದ್ದು ಅಕ್ಕನೇ. "ನನ್ನ ಟ್ರೀಟ್‌ಮೆಂಟು ಮುಗೀತು ಕಣೇ. ಆ ಬಸ್ಸಲ್ಲಿ ಇನ್ನೂ ಹದಿನಾಲ್ಕು ಜನ ಹೋಗ್ತಿದ್ದಾರೆ. ಅವರಿಗೆ ತಂಗಿ ಇಲ್ಲ ಅಂತ ಸುಮ್ಮನಾಗ್ತೀಯಾ?"

ಮರುದಿನ ಮೂರನೆಯ ಸ್ವಿಚ್ಚನ್ನು ತೆಗೆದು ಏಳರ ಜಾಗದಲ್ಲಿಟ್ಟರು. ಅಲ್ಲಿಯವರೆಗೆ ಗಟ್ಟಿಯಾಗಿದ್ದ ಅದೂ ಸುಟ್ಟಿತು. "ಆಗ ತಿಳೀತು, ತಪ್ಪು ಸ್ವಿಚ್ಚಿಂದಲ್ಲ, ಜಾಗದ್ದು." ಪೆಟ್ಟಿಗೆಯ ಗೋಡೆಯಲ್ಲಿ, ಸರಿಯಾಗಿ ಏಳರ ಬೆನ್ನಿಗೆ, ಒಂದು ಕಬ್ಬಿಣದ ಬೋಲ್ಟು ಚಾಚಿಕೊಂಡಿತ್ತು. ಅಷ್ಟು ಹತ್ತಿರದ ಲೋಹ ಅದರ ಪಾಲಿನ ಭಾರವನ್ನೇ ಏರುಪೇರು ಮಾಡುತ್ತಿತ್ತು. ಅದನ್ನು ಕಿತ್ತು ನೈಲಾನ್ ಬೋಲ್ಟು ಹಾಕಿದರು. ಮೂವತ್ತೂ ಸುಡದೆ ತಡೆದುಕೊಂಡವು. ತಜ್ಞರು ಆರು ವಾರ ಅಳೆದು ತೂಗಿ ಒಪ್ಪಿದ ಮೇಲೆ ರೋಗಿಗಳು ತಮ್ಮ ಊರಿನ ಆಸ್ಪತ್ರೆಗೇ ಮರಳಿದರು. ಅಂದಿನಿಂದ ನಾಲ್ಕು ವರ್ಷ ಯಂತ್ರ ಒಂದು ದಿನವೂ ಕೈಕೊಟ್ಟಿಲ್ಲ.

ಬೇರೆರಡು ಆಸ್ಪತ್ರೆಗಳಲ್ಲಿ ಅಂಥದೇ ಹಳೇ ಟ್ಯೂಬುಗಳಿವೆ. ನಿವೃತ್ತಿಗೆ ಮುಂಚೆ ಅವಕ್ಕೂ ಮಾಡಿಕೊಡಬೇಕೆಂಬುದು ಅವರ ಆಸೆ.

ಮೊನ್ನೆ ಅವರು ರೇಡಿಯೇಷನ್ ವಿಭಾಗಕ್ಕೆ ಹೋಗಿ ಬೆಂಚಿನ ಮೇಲೆ ಕೂತಿದ್ದರಂತೆ. ಹೊಸದಾಗಿ ಸೇರಿದ ನರ್ಸು ಬಂದು, "ಯಾರ ಕಡೆಯವರಮ್ಮಾ ನೀವು?" ಎಂದು ಕೇಳಿದಳು.

"ಮೆಷಿನ್ ಕಡೆಯವಳು ಅಂದೆ," ಎನ್ನುತ್ತಾರೆ ಸಿಡಿಲಕ್ಕ.