ನನಗೆ ತೆರೆಯಬಾರದಿದ್ದ ಪುಟ

ಬೇರೆ ಯಾರಾದರೂ ಇಂಥದ್ದನ್ನು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಕೊತ್ತತ್ತಿಯ ನಮ್ಮ ಸೋದರತ್ತೆ ನಾಲೆ ಏರಿಯ ಮೇಲೆ ತಾವು ಕಂಡದ್ದನ್ನು ಹೇಳಲು ಶುರು ಮಾಡಿದರೆ, ನಗು ಕಾಣಿಸಬಾರದೆಂದು ನಾನು ಲೋಟ ತೊಳೆಯುವ ನೆಪ ಮಾಡಿ ಒಳಗೆ ಹೋಗುತ್ತಿದ್ದೆ. ಈಗ ಅದೇ ಜಾಗದಲ್ಲಿ ನಾನು ಕೂತಿದ್ದೇನೆ. ನೀವು ನಗಬಹುದು. ನಕ್ಕರೂ ಪರವಾಗಿಲ್ಲ.

ನಾನು ಮಂಡ್ಯದ ಒಂದು ಖಾಸಗಿ ಆಸ್ಪತ್ರೆಯ ನೋಂದಣಿ ಕೌಂಟರಿನಲ್ಲಿ ಕೆಲಸ ಮಾಡುತ್ತೇನೆ. ಮನೆ ಮದ್ದೂರು. ದಿನಾ ರೈಲಿನಲ್ಲಿ ಓಡಾಟ. ಆಸ್ಪತ್ರೆಯಲ್ಲಿ ಎಲ್ಲವೂ ಕಂಪ್ಯೂಟರಿನಲ್ಲೇ ಇರುತ್ತದೆ, ಆದರೆ ಎಲ್ಲರಿಗೂ ಎಲ್ಲವೂ ಕಾಣುವುದಿಲ್ಲ. ನನ್ನ ಪಾಸ್‌ವರ್ಡ್ ಹಾಕಿದರೆ ರೋಗಿಯ ಹೆಸರು, ವಯಸ್ಸು, ಊರು, ಫೋನ್ ನಂಬರ್, ಅಷ್ಟೇ. ಬಿಲ್ಲಿನವರಿಗೆ ಬಿಲ್ಲು, ಲ್ಯಾಬಿನವರಿಗೆ ರಿಪೋರ್ಟು. ಡಾಕ್ಟರು ಬರೆದದ್ದು ಡಾಕ್ಟರಿಗೆ ಮತ್ತು ಅವರ ಜೊತೆಗಿನ ನರ್ಸಿಗೆ. ಯಾರು ಎಲ್ಲಿಯವರೆಗೆ ನೋಡಬಹುದು ಎಂಬುದನ್ನು ಕೊಡುವುದೂ ಕಿತ್ತುಕೊಳ್ಳುವುದೂ ಕಂಪ್ಯೂಟರ್ ವಿಭಾಗದ ಸತೀಶನ ಕೈಲಿತ್ತು. ಹೊಸಬರಿಗೆ ಇದನ್ನು ತಿಳಿಸಿಕೊಡುವ ಕೆಲಸ ಮಾತ್ರ ನನ್ನದು. ನಿಮ್ಮ ಹೆತ್ತಮ್ಮನೇ ಒಳಗೆ ಮಲಗಿದ್ದರೂ ಅವರಿಗೆ ಏನಾಗಿದೆ ಅಂತ ನಿಮ್ಮ ಸ್ಕ್ರೀನಿನಲ್ಲಿ ಬರುವುದಿಲ್ಲ, ಬರಲೂಬಾರದು ಅಂತ ನಾನು ಹೇಳುತ್ತಿದ್ದೆ. ಹೇಳುವಾಗ ಸ್ವಲ್ಪ ಹೆಮ್ಮೆಯೂ ಇರುತ್ತಿತ್ತು.

ಅವತ್ತು ಮಧ್ಯಾಹ್ನ ಊಟದ ಹೊತ್ತು. ಸಾಲು ಕರಗಿತ್ತು. ಮಳವಳ್ಳಿ ಕಡೆಯ ಜಯಮ್ಮ ಎಂಬ ಹೆಂಗಸು ಹಳೆಯ ಚೀಟಿ ಕಳೆದುಕೊಂಡು ಬಂದಿದ್ದರು. ನಮ್ಮ ಜಿಲ್ಲೆಯಲ್ಲಿ ಜಯಮ್ಮಂದಿರಿಗೆ ಬರವೇ? ಹೆಸರು ಹಾಕಿ ಹುಡುಕಿದೆ. ಸಾಲಾಗಿ ಹೆಸರುಗಳು ಬರಬೇಕಿತ್ತು. ಅದರ ಬದಲು ನಾನು ಯಾವತ್ತೂ ನೋಡದ ಒಂದು ಪುಟ ತೆರೆದುಕೊಂಡಿತು. ಮೇಲೆ ಜಯಮ್ಮ, ಬೆಸಗರಹಳ್ಳಿ ಎಂದಿತ್ತು. ಪಕ್ಕದಲ್ಲಿದ್ದದ್ದು ನಮ್ಮ ಭಾವನ ಫೋನ್ ನಂಬರು. ಅಂದರೆ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ ಜಯಕ್ಕ.

ಕೆಳಗೆ ಡಾಕ್ಟರು ಇಂಗ್ಲಿಷಿನಲ್ಲಿ ಬರೆದಿದ್ದರು. ಎಡ ಎದೆಯಲ್ಲಿ ಗಂಟು. ಒಂದು ವರ್ಷದಿಂದ ಇದೆ. ಹರಳೆಣ್ಣೆ ಸವರಿ, ಎಕ್ಕದ ಎಲೆ ಬಿಸಿ ಮಾಡಿ ಕಟ್ಟಿಕೊಳ್ಳುತ್ತಿದ್ದಾರೆ. ಮಗಳ ಬಾಣಂತನ ಮುಗಿಯುವವರೆಗೆ ಗಂಡನಿಗೆ ತಿಳಿಸಬಾರದೆಂದು ಕೇಳಿಕೊಂಡಿದ್ದಾರೆ.

ಮೊದಲ ಸಾಲಿಗೇ ಮುಚ್ಚಬೇಕಿತ್ತು. ಮುಚ್ಚಲಿಲ್ಲ. ಕೊನೆಯವರೆಗೂ ಓದಿದೆ. ಓದಿದ್ದು ಸಾಲದು ಅಂತ ಮೇಲಕ್ಕೆ ಎಳೆದು ಇನ್ನೊಮ್ಮೆ ಓದಿದೆ. ಬೇರೆಯವರ ಮನೆಯ ಬಚ್ಚಲು ಬಾಗಿಲು ತಳ್ಳಿ, ಒಳಗೆ ಯಾರೋ ಇದ್ದಾರೆಂದು ಗೊತ್ತಾದ ಮೇಲೂ ಅಲ್ಲೇ ನಿಂತ ಹಾಗೆ. ಪಕ್ಕದ ಕುರ್ಚಿಯ ಹುಡುಗಿಯನ್ನು ಕರೆಯಬೇಕೆಂದು ತಿರುಗಿ ಮತ್ತೆ ನೋಡುವಷ್ಟರಲ್ಲಿ, ಈ ಪುಟ ನೋಡಲು ನಿಮಗೆ ಅನುಮತಿ ಇಲ್ಲ ಎಂಬ ಕೆಂಪು ಅಕ್ಷರ ಬಂದಿತ್ತು.

ಗಂಡನಿಗೂ ಹೇಳಲಿಲ್ಲ. ಹೇಳಿದರೆ ನನ್ನ ಕೆಲಸದ ನಿಯಮ ಮುರಿಯುತ್ತದೆ. ಸುಮ್ಮನಿದ್ದರೆ ಜಯಕ್ಕ ಮಗಳ ಬಾಣಂತನವೆಂದು ದಿನ ತಳ್ಳುತ್ತಾರೆ, ಗಂಟು ಬೆಳೆಯುತ್ತದೆ. ಭಾನುವಾರ ಬೆಸಗರಹಳ್ಳಿ ಬಸ್ಸು ಹತ್ತಿದೆ.

ಜಯಕ್ಕ ಹಿತ್ತಲ ಕಡೆಯ ಬಚ್ಚಲಲ್ಲಿ ಕಾಲು ಚಾಚಿ ಕೂತು ಮೊಮ್ಮಗುವಿಗೆ ನೀರೆರೆಯುತ್ತಿದ್ದರು. ಮಗು ಒರೆಸಿ ಮಗಳ ಕೈಗೆ ಕೊಟ್ಟು ಕಳಿಸುವವರೆಗೆ ನಾನು ಬಾಗಿಲಲ್ಲೇ ನಿಂತಿದ್ದೆ. ಆಮೇಲೆ, ನಮ್ಮ ಆಸ್ಪತ್ರೆಗೆ ಬಂದಿದ್ದಿರಂತೆ, ನನ್ನ ಹತ್ತಿರ ಒಂದು ಮಾತು ಹೇಳಬಾರದಿತ್ತಾ ಅಂತ ಮೆಲ್ಲಗೆ ಕೇಳಿದೆ.

"ಯಾವ ಆಸ್ಪತ್ರೆ?" ಅಂದರು. "ಮಂಡ್ಯದ ಮಕ ನೋಡಿ ಎಷ್ಟ್ ಕಾಲ ಆಯ್ತು ಕಣಮ್ಮ. ಈ ಮಗೀನ್ ಬುಟ್ಟು ನಾನೆಲ್ಲಿಗ್ ಓಗ್ಲಿ?"

ಮುಚ್ಚಿಡುತ್ತಿದ್ದಾರೆ ಅಂದುಕೊಂಡೆ. ಎಕ್ಕದ ಎಲೆ ಕಟ್ಟಿಕೊಂಡರೆ ಆ ಗಂಟು ಹೋಗುವುದಿಲ್ಲ ಅಕ್ಕ ಅಂದುಬಿಟ್ಟೆ.

ಅವರ ಕೈಯಲ್ಲಿದ್ದ ಚೊಂಬು ಹಾಗೇ ನಿಂತಿತು. ಒದ್ದೆ ಸೆರಗನ್ನು ಎರಡೂ ಭುಜದ ಮೇಲೆ ಎಳೆದುಕೊಂಡು, ಎದೆ ಮುಚ್ಚಿ ಬಿಗಿಯಾಗಿ ಹಿಡಿದುಕೊಂಡರು. ನನ್ನನ್ನು ನೋಡಲಿಲ್ಲ. ನೆಲ ನೋಡುತ್ತಾ ಕೇಳಿದರು.

"ಇದ್ನ ನನ್ ಮಗ್ಳಿಗೂ ಯೋಳಿಲ್ಲ. ದೇವ್ರ ಮುಂದೂ ಬಾಯ್ ಬುಟ್ಟಿಲ್ಲ. ಯಾರ್ ಬುಟ್ರು ನಿನ್ನ ಅಲ್ಲೀಗಂಟ?"

ಕಂಪ್ಯೂಟರಿನಲ್ಲಿ ಬಂತು ಅಂದೆ. ಹೇಳುವಾಗಲೇ ಅದು ಎಷ್ಟು ಕೆಟ್ಟ ಸುಳ್ಳಿನ ಹಾಗೆ ಕೇಳಿಸುತ್ತದೆ ಎಂದು ನನಗೇ ಗೊತ್ತಾಯಿತು. ಆಸ್ಪತ್ರೆಗೇ ಹೋಗದವರ ವಿಷಯ ಆಸ್ಪತ್ರೆಯ ಕಂಪ್ಯೂಟರಿನಲ್ಲಿ ಬರುವುದು ಹೇಗೆ? ಮಗುವಿನ ನಾಮಕರಣಕ್ಕೆ ನಾನು ಆ ಮನೆಯಲ್ಲಿ ಉಳಿದಿದ್ದೆ. ಅದನ್ನೇ ನೆನೆದು ಇರಬೇಕು, ಜಯಕ್ಕ ತೀರಾ ಸಣ್ಣ ದನಿಯಲ್ಲಿ, "ಬಚ್ಲು ಬಾಗ್ಲ ಸಂದೀಲಿ ಇಣುಕ್ ನೋಡ್ದಾ?" ಅಂದರು. ಇಲ್ಲ ಅಕ್ಕ, ಸತ್ಯವಾಗಿ ಇಲ್ಲ ಅಂದೆ. ಅವರು ಎದ್ದು ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಕಾಫಿ ಕುಡಿಯದೆ ಆ ಮನೆಯಿಂದ ಹೊರಟದ್ದು ಅದೇ ಮೊದಲು. ಯಾಕಮ್ಮ ಇಷ್ಟು ಬೇಗ ಅಂತ ಭಾವ ಗದ್ದೆ ಕಡೆಯಿಂದ ಬರುತ್ತಾ ಕೇಳಿದರು. ತಲೆ ಎತ್ತಲಾಗದೆ ಏನೋ ತೊದಲಿದೆ.

ಮುಂದಿನ ವಾರ ಜಯಕ್ಕ ಆಸ್ಪತ್ರೆಗೆ ಬಂದರು. ನನ್ನ ಕೌಂಟರ್ ಖಾಲಿಯಿದ್ದರೂ ಪಕ್ಕದ ಉದ್ದನೆಯ ಸಾಲಿನಲ್ಲಿ ನಿಂತರು. ಅವರ ಹೆಸರು ನಮ್ಮ ಕಂಪ್ಯೂಟರಿಗೆ ಸೇರಿದ್ದು ಅವತ್ತೇ ಎಂದು ಪಕ್ಕದ ಹುಡುಗಿ ಕೊಟ್ಟ ಹೊಸ ಚೀಟಿ ನೋಡಿ ತಿಳಿಯಿತು.

ತಡೆಯಲಾರದೆ, ಸಂಬಂಧಿಕರೊಬ್ಬರ ಬಗ್ಗೆ ಡಾಕ್ಟರು ಬರೆದ ಪುಟ ನನ್ನ ಸ್ಕ್ರೀನಿನಲ್ಲಿ ಬಂದದ್ದು ಹೇಗೆ ಎಂದು ಸತೀಶನನ್ನು ಕೇಳಿದೆ. ಯಾರು ಯಾವ ಪುಟ ತೆರೆದರು ಎಂಬುದೆಲ್ಲ ಅವನ ಹತ್ತಿರ ದಾಖಲಾಗಿರುತ್ತದೆ. ಆ ಮಧ್ಯಾಹ್ನದ್ದನ್ನು ತೆಗೆದು ನೋಡಿದ. ನಾನು ಜಯಮ್ಮ ಎಂದು ಹುಡುಕಿದ್ದು ಇತ್ತು, ಮಳವಳ್ಳಿಯವರ ಚೀಟಿ ತೆಗೆದದ್ದು ಇತ್ತು. ನಡುವೆ ಏನೂ ಇರಲಿಲ್ಲ. "ನಿಮ್ಮ ಲಾಗಿನ್‌ಗೆ ಆ ಪುಟ ಇಲ್ಲವೇ ಇಲ್ಲ ಮೇಡಂ, ಬರೋಕೆ ಸಾಧ್ಯ ಇಲ್ಲ. ಅಷ್ಟಕ್ಕೂ ನೀವು ನೋಡಿದ್ದಾದರೂ ಏನು?" ಅಂದ. ಅದನ್ನು ಹೇಳಿದರೆ ಜಯಕ್ಕನ ಮೈಯನ್ನು ಇನ್ನೊಬ್ಬರ ಮುಂದೆ ಇಟ್ಟ ಹಾಗೆ. ಬಾಯಿ ಮುಚ್ಚಿಕೊಂಡೆ. ಸುಮ್ಮನಿದ್ದದ್ದು ಬೇರೆಯೇ ಅರ್ಥ ಪಡೆದು ಮೇಲಿನವರೆಗೆ ಹೋಯಿತು. ಸಂಬಂಧಿಕರ ದಾಖಲೆ ನೋಡಲು ಪ್ರಯತ್ನಿಸಿದಿರಾ ಎಂದು ಆಡಳಿತಾಧಿಕಾರಿ ಕರೆದು ಕೇಳಿದರು. ಮರುದಿನ ಬೆಳಗ್ಗೆ ನನ್ನ ಸ್ಕ್ರೀನಿನಲ್ಲಿ ಹುಡುಕುವ ಜಾಗವೇ ಇರಲಿಲ್ಲ. ಟೋಕನ್ ಕೊಡುವುದಷ್ಟೇ ಉಳಿದಿತ್ತು. ನಾನೇ ಕಲಿಸಿದ ಹುಡುಗಿಯರು, ಒಂದು ಹೆಸರು ಹುಡುಕಿಕೊಡಿ ಅಂತ ನಾನು ಕೇಳಿದಾಗ, ನನ್ನ ಮುಖ ನೋಡದೆ ಹುಡುಕಿ ಕೊಡುತ್ತಿದ್ದರು. ತಪ್ಪು ಮಾಡಿಲ್ಲ ಎಂದು ಗಟ್ಟಿಯಾಗಿ ಹೇಳುವ ಧೈರ್ಯ ಬರಲಿಲ್ಲ. ಓದಿದ್ದಂತೂ ನಿಜ ತಾನೇ.

ಜಯಕ್ಕನನ್ನು ಆಪರೇಷನ್ನಿಗೆ ಮೈಸೂರಿಗೆ ಬರೆದುಕೊಟ್ಟರು. ಹೊರಡುವ ಮೊದಲು ನಾವು ಗಂಡ ಹೆಂಡತಿ ನೋಡಿಕೊಂಡು ಬರಲು ಹೋದೆವು. ನಮ್ಮ ಆಸ್ಪತ್ರೆಯಿಂದ ಕೊಟ್ಟಿದ್ದ ಹಾಳೆಗಳನ್ನು ಭಾವ ನನ್ನ ಕೈಗಿಟ್ಟು, ಇಂಗ್ಲಿಷು ತಮಗೆ ಬರುವುದಿಲ್ಲ, ಏನು ಬರೆದಿದ್ದಾರೋ ಓದಿ ಹೇಳು ಅಂದರು. ನಾನು ಜಯಕ್ಕನ ಕಡೆ ನೋಡಿದೆ. ಆ ಭಾನುವಾರದ ನಂತರ ಅವರು ಮೊದಲ ಬಾರಿ ನನ್ನ ಕಣ್ಣು ನೋಡಿದರು.

"ಓದು," ಅಂದರು. "ಈಗ ನಾನೇ ಯೋಳ್ತಾ ಇವ್ನಿ."

ಓದಿದೆ. ಒಂದು ಪದವೂ ಬೇರೆಯಿರಲಿಲ್ಲ. ಗಂಟು, ಒಂದು ವರ್ಷ, ಹರಳೆಣ್ಣೆ. ಎಕ್ಕ ಎಂಬುದನ್ನು ಡಾಕ್ಟರು ಇಂಗ್ಲಿಷ್ ಅಕ್ಷರದಲ್ಲಿ ತಪ್ಪಾಗಿ ಬರೆದಿದ್ದ ರೀತಿ ಕೂಡ ಅದೇ. ಕೊನೆಯ ಮಾತಿಗೆ ಬಂದು, ಮಗಳ ಬಾಣಂತನ ಮುಗಿಯುವವರೆಗೆ ಗಂಡನಿಗೆ ತಿಳಿಸಬಾರದೆಂದು ಕೇಳಿಕೊಂಡಿದ್ದಾರೆ ಅಂತ ಹೇಳಿ ನಿಲ್ಲಿಸಿದೆ. ಭಾವ ಟವೆಲಿನಿಂದ ಮುಖ ಒರೆಸಿಕೊಂಡು ಎದ್ದು ದನದ ಕೊಟ್ಟಿಗೆ ಕಡೆ ನಡೆದರು. ನನ್ನ ಗಂಡ ಅವರ ಹಿಂದೆ ಹೋದರು.

ಜಯಕ್ಕ ನನ್ನ ಕೈಯನ್ನೇ ನೋಡುತ್ತಿದ್ದರು.

"ಹಾಳೆ ಮಗುಚ್ದಲೇ ಓದ್ಬುಟ್ಟೆ ಕಣಮ್ಮ," ಅಂದರು.

ನೋಡಿಕೊಂಡೆ. ಬಾಣಂತನದ ಆ ಸಾಲು ಮುಂದಿನ ಹಾಳೆಯಲ್ಲಿತ್ತು. ನಾನಿನ್ನೂ ಅದನ್ನು ತಿರುವಿರಲಿಲ್ಲ.

ನಾನು ಸಂದಿಯಲ್ಲಿ ಇಣುಕಿದವಳಲ್ಲ ಎಂಬುದು ಅವರಿಗೆ ಆಗ ಗೊತ್ತಾಗಿರಬೇಕು. ಆದರೆ ಅದರಿಂದ ನನ್ನ ನಾಚಿಕೆ ಇಳಿಯಲಿಲ್ಲ, ಅವರ ಸಂಕೋಚವೂ ಕರಗಲಿಲ್ಲ. ಜಯಕ್ಕ ಈಗ ಗುಣವಾಗಿದ್ದಾರೆ, ಗದ್ದೆ ಕೆಲಸಕ್ಕೂ ಹೋಗುತ್ತಾರೆ. ನನ್ನ ಸ್ಕ್ರೀನಿಗೆ ಹುಡುಕುವ ಜಾಗವನ್ನು ವಾಪಸು ಕೊಟ್ಟಿದ್ದಾರೆ. ಆ ಪುಟ ಬರೆಯುವ ಮೊದಲೇ ನನಗೆ ಹೇಗೆ ಕಂಡಿತು, ನನಗೇ ಯಾಕೆ ಕಂಡಿತು ಎಂಬುದು ಇವತ್ತಿಗೂ ತಿಳಿದಿಲ್ಲ. ನೀನು ನೋಡದಿದ್ದರೆ ಅವರು ಉಳಿಯುತ್ತಿದ್ದರಾ ಎಂದು, ಆಮೇಲೆ ನನ್ನಿಂದ ಎಲ್ಲವನ್ನೂ ಕೇಳಿದ ನನ್ನ ಗಂಡ ಸಮಾಧಾನ ಹೇಳುತ್ತಾರೆ. ಇರಬಹುದು. ಹೋದ ತಿಂಗಳು ಜಯಕ್ಕ ನಮ್ಮ ಮನೆಗೆ ಬಂದಿದ್ದರು. ಊಟ ಮಾಡಿದರು, ಮೊಮ್ಮಗುವಿನ ಮಾತು ಆಡಿದರು, ನಕ್ಕರು. ನಾನು ಬಡಿಸಲು ಬಗ್ಗಿದಾಗಲೆಲ್ಲ ಅವರ ಕೈ ತಾನಾಗಿ ಸೆರಗಿಗೆ ಹೋಗುತ್ತಿತ್ತು.