ಕೆಂಪು ಕಾಗದ, ಹಸಿರು ಕಾಗದ

ನಮ್ಮ ಬೇಕರಿ ಮಾಮನಿಗೆ ಎಡಹುಬ್ಬು ಅರ್ಧವೇ ಇತ್ತು. ಭಟ್ಟಿಯೊಳಗೆ ಇಣುಕಿ ಇಣುಕಿ ಸುಟ್ಟುಹೋಗಿದ್ದ ಆ ಜಾಗದಲ್ಲಿ ಯಾವಾಗಲೂ ಒಂದಿಷ್ಟು ಮೈದಾ ಮೆತ್ತಿಕೊಂಡಿರುತ್ತಿತ್ತು. ನಾನು ಮದುವೆಯಾಗಿ ಯಲ್ದೂರಿನಿಂದ ಕೋಲಾರಕ್ಕೆ ಬಂದಾಗ ಅವರ ಅಂಗಡಿ ನಮ್ಮ ಬೀದಿಯ ಮೂಲೆಯಲ್ಲಿತ್ತು. ಕೋಕೋ ಹಾಕಿ ಸುಟ್ಟ ಪುಟ್ಟ ಕೇಕನ್ನು ಸೀಳಿ, ನಡುವೆ ಸಕ್ಕರೆ ಬೆರೆಸಿ ಕಡೆದ ಬೆಣ್ಣೆ ತುಂಬಿ, ಕೆಂಪು ಕಾಗದದಲ್ಲಿ ಸುತ್ತಿ ಎರಡೂ ತುದಿ ತಿರುಚಿ ಜೋಡಿಸಿಡುತ್ತಿದ್ದರು. ಮೊಟ್ಟೆ ಹಾಕಿದ್ದೆಂದು ನಮ್ಮತ್ತೆ ಅದನ್ನು ಹೊಸಿಲು ದಾಟಿಸುತ್ತಿರಲಿಲ್ಲ. ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತು ತಿಂದು, ಬಾಯಿ ಮುಕ್ಕಳಿಸಿ ಒಳಗೆ ಬರಬೇಕು. ಆ ರುಚಿಗೆ ಅದೇನು ದೊಡ್ಡ ಶಿಕ್ಷೆಯಲ್ಲ ಬಿಡಿ.

ಮಾಮನ ನೆಮ್ಮದಿ ಕೆಡಿಸಿದ್ದು ಎದುರು ಬೇಕರಿಯವರು. ಅದೇ ಕೇಕು, ಅದೇ ಬೆಣ್ಣೆ, ಕಾಗದ ಮಾತ್ರ ಹಸಿರು. ಆ ಅಂಗಡಿ ತೆರೆದಂದಿನಿಂದ ಮಾಮ ಬೀದಿಗೆ ಬೆನ್ನು ಹಾಕಿ ಕೂರುತ್ತಿದ್ದರು. ಗಿರಾಕಿ ಕೆಮ್ಮಿದರಷ್ಟೇ ತಿರುಗುವುದು. "ಆ ಮಣ್ಣುಂಡೆ ತಿನ್ನೋರು ತಿನ್ಲಿ ಕಣಮ್ಮ. ನಾನಂತೂ ಈ ಜನ್ಮದಲ್ಲಿ ಆ ಮೆಟ್ಲು ಹತ್ತಲ್ಲ" ಎನ್ನುವರು.

ಯುದ್ಧ ಬಂತು. ಹಡಗಿನಲ್ಲಿ ಬರುತ್ತಿದ್ದ ಕೋಕೋ ಸಿಗದೆ ಮಾಮ ಬರೀ ಬ್ರೆಡ್ಡು, ರಸ್ಕು ಮಾಡತೊಡಗಿದರು. ಎದುರಿನವರಲ್ಲಿ ಮಾತ್ರ ಹಳೇ ದಾಸ್ತಾನು ಇತ್ತು. ಆಗ ನಾನು ಚೊಚ್ಚಲ ಬಸುರಿ. ಮಾವಿನಕಾಯಿ ಬೇಡ, ಹುಣಸೆಕಾಯಿ ಬೇಡ, ಆ ಕೇಕೇ ಬೇಕು! ಅನ್ನ ಸೇರದೆ ಸೊರಗಿದೆ. ಬಯಕೆ ತೀರದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆಂದು ಹೆದರಿದ ಅತ್ತೆ, ಮಡಿ ಮೈಲಿಗೆ ಮರೆತು ತಾವೇ ಮಾಮನ ಅಂಗಡಿಗೆ ಹೋದರು.

"ಇಲ್ದಿದ್ರೆ ಹೇಳಿಬಿಡಪ್ಪ, ಎದುರಿಗೆ ಹೋಗ್ತೀನಿ" ಎಂದರಂತೆ.

"ನಿಲ್ಲಿ ತಾಯಿ. ಬಸುರಿಗೆ ಅಂತ ನನ್ನ ಕೇಳಿದ್ಮೇಲೆ ಬರಿಗೈಲಿ ಕಳಿಸಬಾರ್ದು. ನಾನೇ ತರ್ತೀನಿ."

ಟವೆಲ್ ಕೊಡವಿಕೊಂಡು ಮಾಮ ಬೀದಿ ದಾಟಿದರು. ಎದುರಿನವರು ಗಾಬರಿಯಿಂದ ಎದ್ದು, "ರಾ ಅನ್ನಾ, ರಾ" ಎಂದು ತೆಲುಗಿನಲ್ಲೇ ಒಳಗೆ ಕರೆದು ಸ್ಟೂಲು ಒರೆಸಿದರಂತೆ. ಮಾಮ ಕೂರಲಿಲ್ಲ. "ನನಗಲ್ಲ, ಬಸುರಿಗೆ" ಎಂದಷ್ಟೇ ಹೇಳಿ ಕೈ ಚಾಚಿದರಂತೆ. ಅತ್ತೆ ಇದನ್ನೆಲ್ಲ ಅಭಿನಯಿಸಿ ತೋರಿಸಿದ್ದರು.

ಹಸಿರು ಪೊಟ್ಟಣ ನನ್ನ ಕೈಗಿಟ್ಟು ಮಾಮ ಹಿತ್ತಲಲ್ಲೇ ನಿಂತರು. ನಾನು ಅಷ್ಟೂ ತಿಂದು ಮುಗಿಸುವ ತನಕ ಕದಲಲಿಲ್ಲ.

"ಹೆಂಗಿದೆ?"

ಕಣ್ಣು ಕಟ್ಟಿ ಕೊಟ್ಟಿದ್ದರೆ ಯಾರದೆಂದು ನನಗೆ ಗೊತ್ತಾಗುತ್ತಿರಲಿಲ್ಲ. "ನಿಮ್ದರಷ್ಟು ಚೆನ್ನಾಗಿಲ್ಲ ಮಾಮ" ಎಂದೆ.

ಅರ್ಧ ಹುಬ್ಬು ಮೇಲೇರಿತು. "ನಂಗೊತ್ತಿತ್ತು ಕಣಮ್ಮ!"

ಮಾರನೆಯ ದಿನ ನೋಡಿದರೆ ಮಾಮ ಬೀದಿಗೆ ಮುಖ ಮಾಡಿ ಕೂತಿದ್ದರು. ಮಗಳು ಹುಟ್ಟಿದಳು, ಕಿವಿಯೂ ಸೋರಲಿಲ್ಲ.

ಕೆಲವು ವರ್ಷಗಳ ನಂತರ ಮಾಮ ತೀರಿಕೊಂಡ ದಿನ ಎದುರಿನವರು ಭಟ್ಟಿ ಹೊತ್ತಿಸಲಿಲ್ಲ. ಮಾಮನ ಅಂಗಡಿ ಮೆಟ್ಟಿಲ ಮೇಲೆ ಕೂತಿದ್ದವರು ನನ್ನನ್ನು ಕಂಡು, "ಅವತ್ತು ನನ್ನ ಕೇಕು ತಿಂದು ಅಣ್ಣನ ಹತ್ರ ಏನಂದ್ರಿ ತಾಯಿ?" ಎಂದರು.

ಸುಳ್ಳು ಹೇಳಲು ಮನಸ್ಸಾಗಲಿಲ್ಲ. "ಮಾಮಂದೇ ಚೆನ್ನಾಗಿತ್ತು ಅಂದೆ."

ಅವರು ಟವೆಲಿನಿಂದ ಕಣ್ಣೊರೆಸಿಕೊಂಡರು. "ಸರಿಯಾಗೇ ಅಂದ್ರಿ. ಅಣ್ಣನ ಕೇಕು ತಿಂದು ತಿಂದೇ ಅಲ್ವೇ ತಾಯಿ, ನಾನು ಮಾಡೋದು ಕಲ್ತಿದ್ದು."